ಲೆಕ್ಕಕ್ಕಿಲ್ಲದ ತೂಗುದೀಪ

ನನ್ನ ಮನೆಯ ತೂಗುಮಂಚದ ಸದ್ದಿನಲ್ಲಿ ವಿಮಾ ಕಂಪನಿಯವನು ಸವಕಳಿ ಕಳೆದ. "ಕಿರ್ ಅಂತಿದೆ ಯಜಮಾನ್ರೇ. ಕಿರ್ ಅಂದ್ರೆ ಹಳೇದು," ಎಂದು ಬೂದಿ ನೆಲದ ಮೇಲೆ ಬೂಟುಗಾಲಲ್ಲಿ ನಿಂತು ಹೇಳಿದ. ಅವನು ನಿಂತಿದ್ದ ಜಾಗ ನಮ್ಮ ದೇವರ ಮನೆ. "ಬೂಟು ತೆಗಿ," ಎಂದೆ. "ಇಲ್ಲೇನಿದೆ ತೆಗೆಯೋಕೆ?" ಎಂದು ನಕ್ಕ. ನಾನು ಜವಳಿ ಅಂಗಡಿಯ ಗಲ್ಲಾದ ಹಿಂದೆ ಆಯುಷ್ಯ ಕಳೆದವನು, ಯಾವ ಗಿರಾಕಿಗೂ ಏರುದನಿಯಲ್ಲಿ ಮಾತಾಡಿದವನಲ್ಲ. ಆ ದಿನ ಊರುಗೋಲು ಎತ್ತಿದೆ. ಪಕ್ಕದಲ್ಲಿದ್ದ ಮೇಸ್ತ್ರಿ ಕೊಟ್ರಪ್ಪ ಹಿಡಿದುಕೊಳ್ಳದಿದ್ದರೆ ಅವನ ತಲೆಯ ಸದ್ದೂ ಅಲ್ಲಿ ಉಳಿಯುತ್ತಿತ್ತು.

ನಮ್ಮ ಊರಿನಲ್ಲಿ ಮನೆ ಸುಟ್ಟರೂ ಬಿದ್ದರೂ ಅದರ ಸದ್ದು ಹೋಗುವುದಿಲ್ಲ. ಕೊನೆಯ ದಿನ ಯಾವ ವಸ್ತು ಯಾವ ಹೊತ್ತಿಗೆ ದನಿ ಮಾಡಿತ್ತೋ ಅದು ದಿನವೂ ಅದೇ ಹೊತ್ತಿಗೆ, ಅದೇ ಜಾಗದಲ್ಲಿ ದನಿ ಮಾಡುತ್ತದೆ. ಮನುಷ್ಯರ ದನಿ ಉಳಿಯುವುದಿಲ್ಲ, ಮನೆ ಉರಿದು ಕುಸಿಯುವ ಸದ್ದೂ ಉಳಿಯುವುದಿಲ್ಲ. ವಿಮೆಯ ತಕರಾರು ತೀರಿ ರುಜು ಬಿದ್ದ ಕ್ಷಣ ಎಲ್ಲವೂ ನಿಲ್ಲುತ್ತದೆ. ಊರ ಅಗಸೆಬಾಗಿಲ ಹತ್ತಿರದ ಒಂದು ಮನೆಯ ತಕರಾರು ನನ್ನ ಅಜ್ಜನ ಕಾಲದಿಂದ ತೀರಿಲ್ಲ. ಅಲ್ಲಿನ ಒನಕೆಯ ಸದ್ದು ಕೇಳಿಯೇ ಶಾಲೆಯ ಜವಾನ ಗಂಟೆ ಬಾರಿಸುತ್ತಾನೆ. ಇಲ್ಲದ ಬಾಗಿಲು ಕಿರ್ರೆಂದರೆ ದಾರಿಹೋಕರು ಪಕ್ಕಕ್ಕೆ ಸರಿದು ಜಾಗ ಕೊಡುತ್ತಾರೆ. ಸದ್ದೇ ನಮಗೆ ಸಾಕ್ಷಿ. ಕೊನೆಯ ದಿನ ಸದ್ದು ಮಾಡಿದ ವಸ್ತುವಿಗೆ ಬೆಲೆಯುಂಟು. ಮಾಡದ್ದು ಚಿನ್ನವಾದರೂ ಲೆಕ್ಕಕ್ಕಿಲ್ಲ.

ಆದ್ದರಿಂದ ನಮ್ಮ ಹೆಂಗಸರು ಬೆಳಗಾದರೆ ಪೆಟ್ಟಿಗೆಯ ಮುಚ್ಚಳ ತೆಗೆದು ಹಾಕುತ್ತಾರೆ, ಅಟ್ಟದ ಹಂಡೆಗೆ ಬೆರಳಿನಿಂದ ತಟ್ಟುತ್ತಾರೆ, ಕಪಾಟಿನ ಕದ ಬಡಿಯುತ್ತಾರೆ. ಬೇರೆ ಊರಿಂದ ಬಂದ ಸೊಸೆಯಂದಿರು ಮೊದಲು ನಗುತ್ತಾರೆ, ಆಮೇಲೆ ತಾವೂ ತಟ್ಟುತ್ತಾರೆ. ನನ್ನ ಹೆಂಡತಿ ನೀಲಮ್ಮ ಇದನ್ನು 'ಎಬ್ಬಿಸೋದು' ಎನ್ನುತ್ತಿದ್ದಳು. "ಏಳ್ರಪ್ಪಾ, ಬೆಳಗಾಯ್ತು. ಯಜಮಾನ್ರು ಎದ್ದಾಯ್ತು, ನಿಮಗೇನು ರೋಗ?" ಎಂದು ಹಂಡೆ ಕೊಡಗಳನ್ನು ಗದರುತ್ತಿದ್ದಳು. ಒಂದನ್ನು ಮಾತ್ರ ತಟ್ಟುತ್ತಿರಲಿಲ್ಲ. ಅವಳ ತವರಿನಿಂದ ಬಂದ ಹಿತ್ತಾಳೆಯ ತೂಗುದೀಪ, ಅದಕ್ಕೆ ಬೆಳ್ಳಿಯ ಸರಪಳಿ. ಸಂಜೆ ಅದನ್ನು ಕೆಳಗಿಳಿಸಿ ಎಣ್ಣೆ ಹಾಕುವಾಗ ಸರಪಳಿ ಝಣ್ ಎನ್ನುತ್ತಿತ್ತು, ಅದೊಂದೇ ಅದರ ಸದ್ದು. "ಅದನ್ನೂ ಬೆಳಗ್ಗೆ ಒಂದ್ಸಲ ಅಲ್ಲಾಡಿಸಬಾರದೇನೇ?" ಎಂದು ನಾನು ಕೇಳಿದ್ದುಂಟು. "ದೇವರ ದೀಪಾನ ವಿಮೆಗೆ ಅಂತ ಕುಣಿಸ್ಲಾ? ಹಚ್ಚೋ ಹೊತ್ತಿಗೆ ಅದೇ ಮಾತಾಡುತ್ತೆ, ಸುಮ್ನಿರಿ," ಎಂದಿದ್ದಳು.

ಮಳೆಗಾಲ ಮುಗಿಯುತ್ತಿದ್ದ ಒಂದು ಸಂಜೆ ನಾನು ಮಠದಲ್ಲಿ ಪುರಾಣ ಕೇಳುತ್ತ ಕೂತಿದ್ದಾಗ ಮನೆಗೆ ಬೆಂಕಿ ಬಿತ್ತು. ಮಂಡಿ ನೋವೆಂದು ನೀಲಮ್ಮ ಮನೆಯಲ್ಲೇ ಉಳಿದಿದ್ದಳು. ನಾನು ಬರುವ ಹೊತ್ತಿಗೆ ತೊಲೆಗಳು ಬಿದ್ದಿದ್ದವು. ಅವಳು ತೊಲೆಯ ಕೆಳಗಿದ್ದಳು. ಇದಕ್ಕಿಂತ ಹೆಚ್ಚು ಬರೆಯಲಾರೆ.

ಕಂಪನಿಯ ಕಾಗದ ಬಂದದ್ದು ಅವಳ ಕಾರ್ಯಗಳು ಮುಗಿಯುವ ಮೊದಲೇ. 'ಮನೆಯವರು ದೇವರ ದೀಪವನ್ನು ಉರಿಯಬಿಟ್ಟು ಎಚ್ಚರ ತಪ್ಪಿದ್ದರಿಂದ ಬೆಂಕಿ' ಎಂದು ಬರೆದಿದ್ದರು. ಆದ್ದರಿಂದ ಕೊಡುವುದು ನಾಲ್ಕರಲ್ಲಿ ಒಂದು ಪಾಲು, ಅದೂ ಅವರು ಕಟ್ಟಿದ ಬೆಲೆಯಲ್ಲಿ. ಬೂದಿಯಲ್ಲಿ ಸಿಕ್ಕ ಕರಗಿದ ದೀಪವೇ ಅವರ ಆಧಾರ. ಹಣದ ಮಾತು ಹಾಳಾಗಲಿ. ಆ ಕಾಗದ ಬೀದಿಯ ಬಾಯಿಗೆ ಬಿತ್ತು. ಎದುರು ಮನೆಯ ಹೊನ್ನಮ್ಮ ಮೊಮ್ಮಗಳಿಗೆ, "ದೀಪ ಹಚ್ಚಿ ಮಲಗಬೇಡ ಕಣೇ, ನೀಲಮ್ಮನಂಗೆ ಮನೆಗೆ ಕೊಳ್ಳಿ ಇಟ್ಟೀಯಾ," ಎಂದದ್ದು ನನ್ನ ಕಿವಿಗೇ ಬಿತ್ತು. ತನ್ನ ಮದುವೆಯಾದಂದಿನಿಂದ ನೀಲಮ್ಮನ ಕೈಯ ಉಪ್ಪಿನಕಾಯಿ ತಿಂದ ಬಾಯಿ ಅದು. ನೀಲಮ್ಮನ ಹೆಸರು ನಮ್ಮ ಬೀದಿಯಲ್ಲಿ ಎಚ್ಚರಿಕೆಯ ಮಾತಾಯಿತು. ಇದೇ ನನ್ನನ್ನು ಬೆಂಕಿಗಿಂತ ಹೆಚ್ಚಾಗಿ ಸುಟ್ಟಿತು.

ನಾನು ಅವಳ ಮೇಲೆ ಸಿಟ್ಟಾಗಲಿಲ್ಲ. ಸಿಟ್ಟು ಬಂದದ್ದು ದೇವರ ಮೇಲೆ. ಜೀವಮಾನವೆಲ್ಲ ಯಾರ ಮುಂದೆ ದೀಪ ಹಚ್ಚಿದಳೋ, ಅವನು ಆ ದೀಪದಿಂದಲೇ ಅವಳನ್ನು ಸುಟ್ಟನಲ್ಲ! ಬಾಡಿಗೆಯ ಕೋಣೆಯಲ್ಲಿ ಲಿಂಗಪೂಜೆ ಬಿಡಲಿಲ್ಲ. ಉಸಿರಾಟವನ್ನು ಬಿಡುವುದು ಹೇಗೆ? ಆದರೆ ದೀಪ ಹಚ್ಚಲಿಲ್ಲ. ಕತ್ತಲಲ್ಲೇ ಕೂತು ಪೂಜೆ ಮಾಡಿದೆ. ಅವನಿಗೆ ನಾನು ಕಾಣದಿದ್ದರೆ ಕಾಣದಿರಲಿ, ನನಗೆ ತಾನೇ ಅವನು ಎಲ್ಲಿ ಕಾಣುತ್ತಾನೆ ಎಂದುಕೊಂಡೆ.

ಬೆಳಗಿನ ಹೊತ್ತು ಮಾತ್ರ ಸುಟ್ಟ ಮನೆಯ ಹೊಸ್ತಿಲ ಕಲ್ಲಿನ ಮೇಲೆ ಹೋಗಿ ಕೂರುತ್ತಿದ್ದೆ. ನೀಲಮ್ಮ ಹಂಡೆ ಎಬ್ಬಿಸುವುದು, ಪೆಟ್ಟಿಗೆ ಎಬ್ಬಿಸುವುದು, ಬಾವಿಯ ಗಾಲಿ, ಒರಳು, ಒಂದರ ಹಿಂದೆ ಒಂದು ಬರುತ್ತಿದ್ದವು. ಅವಳ ಗದರಿಕೆ ಇರುತ್ತಿರಲಿಲ್ಲ. ಎರಡು ಸದ್ದುಗಳ ನಡುವಿನ ತೆರಪಿನಲ್ಲಿ ಅದನ್ನು ನಾನೇ ತುಂಬಿಕೊಳ್ಳುತ್ತಿದ್ದೆ. ಸಂಜೆಯಾಗುತ್ತಿದ್ದಂತೆ ಎದ್ದು ಕೆರೆಯ ಕಡೆ ಹೋಗಿಬಿಡುತ್ತಿದ್ದೆ. ಮನೆಯ ಕೊನೆಯ ಹೊತ್ತನ್ನು ಕೇಳುವುದು ನಮ್ಮಲ್ಲಿಲ್ಲ. ಪ್ರಾಣ ಬಿಡುವವರ ಮುಖವನ್ನು ದಿಟ್ಟಿಸಿ ನೋಡುತ್ತಾರೆಯೇ? ಹಾಗೆಯೇ ಇದು. ಆ ಹೊತ್ತಿಗೆ ಇಡೀ ಬೀದಿ ಕಿಟಕಿ ಮುಚ್ಚುತ್ತದೆ, ರೇಡಿಯೋ ಹಾಕುತ್ತದೆ, ಏನೂ ಇಲ್ಲದವರು ಪಾತ್ರೆ ಉಜ್ಜುತ್ತಾರೆ. ಹಿರಿಯರು ಮಾಡಿಟ್ಟ ಈ ಮರ್ಯಾದೆಯನ್ನು ನಾನೂ ಚಾಚೂ ತಪ್ಪದೆ ಪಾಲಿಸಿದೆ.

ಕಂಪನಿಯವರಿಗೆ ನಮ್ಮ ದೌರ್ಬಲ್ಯ ಚೆನ್ನಾಗಿ ಗೊತ್ತು. ರುಜು ಹಾಕಿದರೆ ಸದ್ದು ನಿಲ್ಲುತ್ತದೆಂದು ಜನ ತಾವಾಗಿಯೇ ತಡಮಾಡುತ್ತಾರೆ. ಹೋಗಿ ಕೇಳಿದರೆ ಆ ಜಯಪ್ರಸಾದ, ಅದೇ ಬೂಟಿನವನು, "ಅವಸರ ಏನು ಯಜಮಾನ್ರೇ? ಅಮ್ಮಾವ್ರ ಒರಳು ದಿನಾ ತಿರುಗ್ತಾ ಇದೆಯಲ್ಲ," ಎಂದ. ಸತ್ತವಳ ಒರಳನ್ನು ತೋರಿಸಿ ಬದುಕಿರುವವನನ್ನು ಬಾಗಿಲಲ್ಲಿ ಕಾಯಿಸುವ ವಿದ್ಯೆ ಇವರಿಗೆ ಯಾವ ಗುರು ಕಲಿಸಿದನೋ!

ದಾರಿ ತೋರಿಸಿದವನು ಕೊಟ್ರಪ್ಪ. ಊರಿನಲ್ಲಿ ಮನೆ ಕಟ್ಟಿಸುವ ಮೇಸ್ತ್ರಿ, ನನಗೆ ನೆಂಟನೂ ಅಲ್ಲ, ಸಾಲಗಾರನೂ ಅಲ್ಲ. "ಹಾಲಪ್ಪಣ್ಣ, ವಿಮೆ ಕಾಗದದಲ್ಲೇ ಒಂದು ದಾರಿ ಐತೆ. ಬೆಲೆಯ ಜಗಳ ಬಂದ್ರೆ ನಿನ್ನ ಕಡೆ ಬೆಲೆ ಕಟ್ಟೋನು ಒಬ್ಬ, ಅವರ ಕಡೆ ಒಬ್ಬ. ಇಬ್ರೂ ಸೇರಿ ನಡುವಿನವರನ್ನ ಒಬ್ಬರನ್ನ ಆರಿಸ್ಬೇಕು. ಮೂವರಲ್ಲಿ ಇಬ್ಬರ ರುಜು ಬಿದ್ರೆ ಆಯ್ತು, ಕಂಪನಿಯೂ ತಲೆ ಬಾಗಿಸ್ಬೇಕು, ನೀನೂ ಬಾಗಿಸ್ಬೇಕು."

"ಬೆಂಕಿ ದೀಪದಿಂದ ಬಿತ್ತೋ ಇಲ್ಲವೋ, ಅದನ್ನ ಹೇಳ್ತಾರಾ?"

"ಇಲ್ಲ. ಎಷ್ಟು ಹೋಯ್ತು ಅನ್ನೋದಷ್ಟೇ ಅವರ ಕೆಲಸ. ಯಾಕೆ ಹೋಯ್ತು ಅನ್ನೋದು ಅಲ್ಲ."

"ಹಂಗಾದ್ರೆ ನನಗೇನು ಉಪಯೋಗ?"

"ಬಾಯಿ ಮುಚ್ಕೊಂಡು ಕಾಗದ ಹಾಕಣ್ಣ. ಇಲ್ದಿದ್ರೆ ನೀನು ಸತ್ತ ಮೇಲೂ ಆ ಮಂಚ ಕಿರ್ ಅಂತಾನೇ ಇರುತ್ತೆ."

ಕಂಪನಿ ತನ್ನ ಕಡೆಯಿಂದ ಜಯಪ್ರಸಾದನನ್ನೇ ಹೆಸರಿಸಿತು. ನನ್ನ ಕಡೆಯಿಂದ ಕೊಟ್ರಪ್ಪ. ಹೋದ ವಸ್ತುಗಳ ಹೆಸರನ್ನೂ ಬೆಲೆಯನ್ನೂ ನಾನು ಹೇಳಬೇಕಿತ್ತು, ಹೇಳಿದೆ. ತೂಗುದೀಪಕ್ಕೆ ಬೇಕೆಂದೇ ಎಲ್ಲಕ್ಕಿಂತ ಹೆಚ್ಚಿನ ಬೆಲೆ ಹಾಕಿದೆ. ಅವಳನ್ನು ಹಳಿಯಲು ನಿಮಗೆ ದೀಪ ಬೇಕಲ್ಲವೇ, ಹಾಗಿದ್ದರೆ ಅದರ ಬೆಲೆಯನ್ನೂ ಕೊಡಿ ಎಂಬ ಹಟ. ನಡುವಿನವರಾಗಿ ಬಂದವರು ಪ್ರಮೀಳಾಬಾಯಿ, ನ್ಯಾಯಾಲಯದ ಕಚೇರಿಯಲ್ಲಿದ್ದು ನಿವೃತ್ತರಾದವರು. ಒಣಗಿದ ಕಡ್ಡಿಯಂಥ ಹೆಂಗಸು, ಮುಖದಲ್ಲಿ ನಗೆಯಿಲ್ಲ. ಬಂದು ಕೂತವರು ನನ್ನ ಕಡೆ ತಲೆ ತಿರುಗಿಸಿ, "ಬಲಗಡೆ ಬಂದು ಮಾತಾಡಿ. ಎಡಗಿವಿ ಹೋಗಿದೆ," ಎಂದರು.

ನಾನು ಕೊಟ್ರಪ್ಪನನ್ನು ಪಕ್ಕಕ್ಕೆಳೆದೆ. "ಸದ್ದು ಕೇಳೋಕೆ ಕಿವುಡಿಯನ್ನ ಆರಿಸಿದೀಯಲ್ಲೋ! ಹೆಣ್ಣು ನೋಡೋಕೆ ಕುರುಡನ್ನ ಕಳಿಸಿದಂಗೆ."

"ಜಯಪ್ರಸಾದನೂ ಹಂಗೇ ಅಂದ್ಕೊಂಡೇ ಒಪ್ಪಿದ್ದು. ಸುಮ್ನಿರು."

ಅವರು ಬೆಳಕು ಹರಿಯುವ ಮೊದಲೇ ಹೊಸ್ತಿಲ ಕಲ್ಲಿನ ಬಳಿ ಕುರ್ಚಿ ಹಾಕಿಸಿಕೊಂಡು ಕೂತರು. ಒಂದು ಕಿವಿ ಇಲ್ಲದ್ದರಿಂದ ಅವರದೊಂದು ಪದ್ಧತಿ: ಪ್ರತಿ ಸದ್ದಾದಾಗಲೂ ಇಬ್ಬರನ್ನೂ ಕೇಳುವರು, ಇಬ್ಬರೂ ಬಾಯಿಬಿಟ್ಟು ಗಟ್ಟಿಯಾಗಿ ಹೇಳಬೇಕು. "ಏನದು?" "ಹಂಡೆ." "ಜಯಪ್ರಸಾದ್, ನೀವೂ ಹೇಳಿ." "ಹಂಡೆನೇ ಮೇಡಂ, ಆದ್ರೆ ನೆಗ್ಗಿದೆ." "ನೆಗ್ಗಿದ್ದು ಆಮೇಲೆ. ಹಂಡೆ ಹೌದಲ್ಲ?" ನೀಲಮ್ಮನ ಬೆಳಗು ಹೀಗೆ ಇಬ್ಬರು ಗಂಡಸರ ಬಾಯಲ್ಲಿ ಹರಾಜಾಗುತ್ತ ಹೋಯಿತು. ಬಾವಿಯ ಗಾಲಿಗೆ ಸವಕಳಿ, ಒರಳಿಗೆ ಸವಕಳಿ, ಪೆಟ್ಟಿಗೆ ಬೀಟೆಯದೋ ಕಾಡುಮರದ್ದೋ ಎಂದು ಜಗಳ. ಅವಳು ಮಧ್ಯಾಹ್ನ ಊಟವಾದ ಮೇಲೆ ತೂಗುಮಂಚದಲ್ಲಿ ಕೂತು ನಿಧಾನವಾಗಿ ಜೀಕುವ ಸದ್ದು ಬಂತು. "ಅವಳು ಕೂತಿರೋದು ಕೇಳ್ತಿದೆಯಾ ನಿಮಗೆ?" ಎಂದು ಪ್ರಮೀಳಾಬಾಯಿಯನ್ನು ಕೇಳಿದೆ. ಅವರು, "ಮಂಚದ ಸರಪಳಿ ನಾಲ್ಕು, ಕಬ್ಬಿಣದ್ದು. ಕೂತವರನ್ನ ನಾನು ಬರೆಯೋ ಹಾಗಿಲ್ಲ," ಎಂದರು. ಕಲ್ಲಾದರೂ ಬಿಸಿಲಿಗೆ ಕಾಯುತ್ತದೆ, ಈ ಹೆಂಗಸಿಗೆ ಅದೂ ಇಲ್ಲ ಎಂದು ಹಲ್ಲು ಕಡಿದೆ.

ಹೊತ್ತು ಇಳಿಯಿತು. ಬೀದಿಯಲ್ಲಿ ಕಿಟಕಿಗಳು ಒಂದೊಂದಾಗಿ ಮುಚ್ಚಿದವು, ಹೊನ್ನಮ್ಮನ ರೇಡಿಯೋ ಶುರುವಾಯಿತು. ನಾನು ಊರುಗೋಲು ಹಿಡಿದು ಎದ್ದೆ. ಪ್ರಮೀಳಾಬಾಯಿ ಏಳಲಿಲ್ಲ.

"ಏಳಿ ತಾಯಿ, ಇವತ್ತಿಗೆ ಆಯ್ತು."

"ದಿನ ಮುಗಿದಿಲ್ಲವಲ್ಲ. ಆ ರೇಡಿಯೋ ನಿಲ್ಲಿಸೋಕೆ ಹೇಳಿ."

"ಕೊನೆಯ ಹೊತ್ತು ಕೇಳೋದು ನಮ್ಮಲ್ಲಿಲ್ಲ."

"ಗೊತ್ತು. ನಾನೂ ಇದೇ ಊರಿನವಳೇ. ಆದ್ರೆ ಹಾಲಪ್ಪನವರೇ, ತೂಗುದೀಪಕ್ಕೆ ಎಲ್ಲಕ್ಕಿಂತ ಹೆಚ್ಚು ಬೆಲೆ ಹೇಳಿದವರು ನೀವು. ಅದು ಸದ್ದು ಮಾಡೋದು ಈ ಹೊತ್ತಿಗೆ. ಕೇಳದೆ ಬೆಲೆ ಕಟ್ಟು ಅಂದ್ರೆ ಹೇಗೆ ಕಟ್ಟಲಿ?"

ನಾನು ಅವರ ಎಡಗಡೆಯಿಂದಲೇ ಕೂಗಿದೆ. "ಹೆಣದ ಮೇಲಿನ ಬಟ್ಟೆ ಸರಿಸಿ ನೋಡೋ ಚಟ ನಿಮಗೆ! ಅವಳು ಸಾಯೋದನ್ನ ಕೇಳಿ ಬೆಲೆ ಹಾಕ್ತೀರಾ? ನಿಮ್ಮ ಮನೇಲಿ ಯಾರೂ ಸತ್ತಿಲ್ವಾ?"

"ಬೈಯೋದಾದ್ರೆ ಈ ಕಡೆ ಬಂದು ಬೈಯಿರಿ. ಆ ಕಿವಿಗೆ ಕೇಳಿಸಲ್ಲ," ಎಂದರು. ಆಮೇಲೆ ಸ್ವಲ್ಪ ತಗ್ಗಿದ ದನಿಯಲ್ಲಿ, "ನೀವು ಹೋಗಬಹುದು. ಇರಲೇಬೇಕು ಅಂತಿಲ್ಲ," ಎಂದರು.

ಜಯಪ್ರಸಾದ ಕೈಗಡಿಯಾರ ನೋಡಿಕೊಂಡು ಗೊಣಗಿದ. ಕೊಟ್ರಪ್ಪ ಹೋಗಿ ರೇಡಿಯೋ ನಿಲ್ಲಿಸಿ ಬಂದ. ನಾನು ಹೋಗಲಿಲ್ಲ. ಪರರು ಮೂವರು ಅವಳ ಕೊನೆಯ ಹೊತ್ತಿಗೆ ಕೂತಿರುವಾಗ ಗಂಡನಾದವನು ಕೆರೆ ನೋಡಲು ಹೋಗುವುದು ಯಾವ ಧರ್ಮ? ಹೊಸ್ತಿಲ ಕಲ್ಲಿನ ಮೇಲೆ ಮತ್ತೆ ಕೂತೆ.

ನಮ್ಮ ಮನೆಯಲ್ಲಿ ದೀಪದ ಹೊತ್ತಿಗೆ ಒಂದು ಕ್ರಮವಿತ್ತು. ಎಲ್ಲರ ಮನೆಯಲ್ಲೂ ಇರುವುದೇ. ಮೊದಲು ಹಿತ್ತಿಲ ಬಾಗಿಲು ಮುಚ್ಚಿ ಚಿಲಕ ಹಾಕಬೇಕು, ಬರುವ ಲಕ್ಷ್ಮಿ ಹಿಂದಿನಿಂದ ಹೋಗಬಾರದೆಂದು. ಆಮೇಲೆ ದೀಪ ಇಳಿಸಬೇಕು. ನಾನು ಚಿಲಕದ ಸದ್ದಿಗೆ ಉಸಿರು ಬಿಗಿಹಿಡಿದು ಕಾದೆ.

ಚಿಲಕ ಬರಲಿಲ್ಲ. ಅದರ ಬದಲು ಜಗುಲಿಯ ಗೋಡೆ ಇದ್ದ ಕಡೆಯಿಂದ ಚಟಚಟ ಎಂಬ ಸದ್ದು ಬಂತು. ಹುಣಸೆಯ ಬೀಜ ಹುರಿದ ಹಾಗೆ.

"ಏನದು?"

"ಕರೆಂಟಿನ ಮೀಟರ್ ಬೋರ್ಡು," ಎಂದ ಕೊಟ್ರಪ್ಪ ಮೆಲ್ಲಗೆ.

ಮಳೆಗಾಲದುದ್ದಕ್ಕೂ ಆ ಬೋರ್ಡು ಹಾಗೆ ಸಿಡಿಯುತ್ತಿತ್ತು. ನೀಲಮ್ಮ ಲೈನಿನವರಿಗೆ ಹೇಳಿ ಕಳಿಸಿದ್ದಳು, ನಾಳೆ ಬರುತ್ತೇವೆ ಎಂದಿದ್ದರು. ಅವರ ನಾಳೆ ಇನ್ನೂ ಬಂದಿಲ್ಲ. ಚಟಚಟ ಜೋರಾಯಿತು, ಪಟ್ ಎಂದು ಏನೋ ಒಡೆಯಿತು. ಆಮೇಲೆ ಬಚ್ಚಲಿನ ಕಡೆಯಿಂದ ಇನ್ನೊಂದು ಸದ್ದು. ನೆಲಕ್ಕೆ ಉಜ್ಜುತ್ತ, ನಿಲ್ಲುತ್ತ, ಮತ್ತೆ ಉಜ್ಜುತ್ತ ನಡುಮನೆಯ ಕಡೆಗೆ ಬಂತು. ಎತ್ತಲಾಗದ್ದನ್ನು ಯಾರೋ ಎಳೆಯುತ್ತಿದ್ದರು.

"ಏನದು?"

ನಾನೇ ಹೇಳಿದೆ. "ತಾಮ್ರದ ಕೊಡ. ತುಂಬಿದ ಕೊಡ. ಮಂಡಿ ನೋವಿನವಳು, ಎತ್ತೋಕಾಗಿಲ್ಲ ಅವಳಿಗೆ. ಎಳ್ಕೊಂಡು ಬರ್ತಿದಾಳೆ."

ಕೊಡ ದೊಪ್ಪನೆ ಉರುಳಿತು. ಅಷ್ಟೇ. ಅದಾದ ಮೇಲೆ ನನ್ನ ಮನೆಗೆ ಸದ್ದಿಲ್ಲ.

ಜಯಪ್ರಸಾದ ಎದ್ದು ನಿಂತ. ಅವನ ಮುಖ ಅರಳಿತ್ತು. ದಿನವಿಡೀ ಚಿಲ್ಲರೆಗೆ ಜಗ್ಗಾಡಿ ದಣಿದವನಿಗೆ ದೊಡ್ಡದೊಂದು ಸಿಕ್ಕಿತ್ತು. "ಮೇಡಂ, ತೂಗುದೀಪ ಹೊಡೆದು ಹಾಕಿ. ಸರಪಳಿ ಸದ್ದು ಬರಲಿಲ್ಲ."

"ಕೇಳಿಸ್ಲಿಲ್ಲ. ಜೋರಾಗಿ ಹೇಳಿ."

"ಸರಪಳಿ ಸದ್ದಿಲ್ಲ ಮೇಡಂ!"

"ಸರಿಯಾಗಿ ಕೇಳಿದ್ರಾ? ನನ್ನದು ಒಂದೇ ಕಿವಿ."

ಅವನು ಬೀದಿಯ ತುದಿಗೂ ಕೇಳುವಂತೆ ಕೂಗಿದ. "ತೂಗುದೀಪ ಸದ್ದೇ ಮಾಡಿಲ್ಲ! ಆ ದಿನ ಅದನ್ನ ಇಳಿಸೇ ಇಲ್ಲ! ಒಂದು ಕಾಸೂ ಕೊಡೋ ಹಾಗಿಲ್ಲ!"

ಎದುರು ಮನೆಯ ಕಿಟಕಿ ತೆರೆಯಿತು. ಹೊನ್ನಮ್ಮನ ಮುಖ ಕಾಣಿಸಿತು. ಕೊಟ್ರಪ್ಪ ತೊಡೆ ತಟ್ಟಿಕೊಂಡು, "ಇಳಿಸೇ ಇಲ್ಲ! ಶಭಾಷ್ ಸ್ವಾಮೀ! ಇಳಿಸದ ದೀಪವನ್ನ ಹಚ್ಚಿದ್ದು ಯಾರು, ನಿಮ್ಮ ಕಂಪನಿಯವರಾ?" ಎಂದ. ಜಯಪ್ರಸಾದ ಪ್ರಮೀಳಾಬಾಯಿಯ ಕಡೆ ತಿರುಗಿ, "ಮೇಡಂ, ಕಾರಣ ಹೇಳೋದು ನಮ್ಮ ಕೆಲಸ ಅಲ್ಲ," ಎಂದು ತೊದಲಿದ.

"ಅಲ್ಲ. ನಾನು ಕಾರಣ ಬರೀತಾ ಇಲ್ಲ. ತೂಗುದೀಪಕ್ಕೆ ಸೊನ್ನೆ ಬರೀತಾ ಇದೀನಿ. ನೀವು ಕೇಳಿದ್ದೂ ಅದನ್ನೇ ಅಲ್ವೇ?"

ನಾನು ಆಗ ಏನು ಮಾಡಿದೆನೆಂದು ನನಗೆ ನೆನಪಿಲ್ಲ. ಹೊಸ್ತಿಲ ಕಲ್ಲನ್ನು ಊರುಗೋಲಿನಿಂದ ಬಡಿಯುತ್ತ "ಹೇಳು, ಇನ್ನೊಂದ್ಸಲ ಹೇಳು," ಎಂದು ಜಯಪ್ರಸಾದನ ಮೇಲೆ ಕೂಗಿದೆನೆಂದು ಕೊಟ್ರಪ್ಪ ಹೇಳುತ್ತಾನೆ. ಕೂಗಿರಬಹುದು. ಇಡೀ ಊರು ಮರ್ಯಾದೆಯೆಂದು ಕಿವಿ ಮುಚ್ಚಿಕೊಂಡಿತ್ತು. ಮುಚ್ಚಿದ ಕಿವಿಗಳ ನಡುವೆ ಅವಳು ದಿನವೂ ಆ ಕೊಡವನ್ನು ಎಳೆಯುತ್ತಿದ್ದಳು. ದಿನವೂ! ನಾನು ಕೆರೆಯ ಏರಿಯ ಮೇಲೆ ದೇವರನ್ನು ಬೈಯುತ್ತಿದ್ದಾಗ, ಹೊನ್ನಮ್ಮ ಕಿಟಕಿ ಮುಚ್ಚಿ ರೇಡಿಯೋ ಕೇಳುತ್ತಿದ್ದಾಗ, ಅವಳು ಬೆಂಕಿಯ ಎದುರು ಒಬ್ಬಳೇ ನೀರು ತರುತ್ತಿದ್ದಳು.

ತೀರ್ಪನ್ನು ಮರುದಿನ ಬೆಳಗ್ಗೆ ಮನೆಯ ಮುಂದೆ ಓದಬೇಕು, ಬೀದಿಯವರು ನಿಂತು ಪ್ರತಿ ಸಾಲಿಗೂ 'ಕೇಳಿದೆವು' ಎನ್ನಬೇಕು. ಇದು ನಮ್ಮ ಊರಿನ ನಿಯಮ. ಎಲ್ಲರೂ ಬಂದಿದ್ದರು. ಪ್ರಮೀಳಾಬಾಯಿ ಓದಿದರು. ಹಂಡೆ, ಕೇಳಿದೆವು. ಒರಳು, ಕೇಳಿದೆವು. ತೂಗುಮಂಚ, ಕೇಳಿದೆವು. "ತಾಮ್ರದ ಕೊಡ. ನೀರು ತುಂಬಿದ್ದು. ಬಚ್ಚಲಿನಿಂದ ನಡುಮನೆಯವರೆಗೆ ಸದ್ದು ಇದೆ." ಈ ಸಾಲಿಗೆ ದನಿಗಳು ತಗ್ಗಿದವು. "ತೂಗುದೀಪ, ಬೆಳ್ಳಿ ಸರಪಳಿಯದ್ದು. ಸದ್ದಿಲ್ಲ. ಲೆಕ್ಕಕ್ಕಿಲ್ಲ."

ಯಾರೂ ಬಾಯಿ ಬಿಡಲಿಲ್ಲ. ಹೊನ್ನಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ನೆಲ ನೋಡುತ್ತಿದ್ದಳು.

"ಮತ್ತೊಂದ್ಸಲ ಓದಿ ತಾಯಿ," ಎಂದೆ.

"ಯಾಕೆ, ನಿಮ್ಮ ಕಿವಿಯೂ ಹೋಯ್ತಾ?" ಎಂದರು ಪ್ರಮೀಳಾಬಾಯಿ. ಆದರೆ ಓದಿದರು, ಮೊದಲಿಗಿಂತ ನಿಧಾನವಾಗಿ. ಓದಿ ಕಾಗದ ಕೆಳಗಿಳಿಸಿ, ಬಲಗಿವಿಯನ್ನು ಬೀದಿಯ ಕಡೆ ತಿರುಗಿಸಿ ನಿಂತರು. ಹೊನ್ನಮ್ಮ ಸೆರಗು ತೆಗೆದಳು. "ಕೇಳಿದೆವು," ಎಂದಳು. ಆಮೇಲೆ ಉಳಿದವರೂ ಅಂದರು.

ಜಯಪ್ರಸಾದ ರುಜು ಹಾಕದೆ ಹೊರಟುಹೋದ. ಅವನದು ಬೇಕಾಗಿಯೂ ಇರಲಿಲ್ಲ. ಪ್ರಮೀಳಾಬಾಯಿ ಹಾಕಿ ಲೇಖನಿಯನ್ನು ಕೊಟ್ರಪ್ಪನಿಗೆ ಕೊಟ್ಟರು. ಅವನು ನನ್ನ ಮುಖ ನೋಡಿದ. "ಹಾಕ್ಲಾ ಅಣ್ಣ? ಹಾಕಿದ್ರೆ ನಿಲ್ಲುತ್ತೆ. ಬೇಡ ಅಂದ್ರೆ ಹೇಳು."

ಅದು ನೀಲಮ್ಮ ಮನೆಯನ್ನು ಎಬ್ಬಿಸುವ ಹೊತ್ತು. ಅಟ್ಟದ ಕಡೆಯಿಂದ ಹಂಡೆ ಠಣ್ ಎಂದಿತು. "ತಡಿ, ಮುಗಿಸ್ಲಿ," ಎಂದೆ. ಕಪಾಟಿನ ಕದ ಬಡಿಯಿತು. ಪೆಟ್ಟಿಗೆಯ ಮುಚ್ಚಳ ತೆರೆದು ಮುಚ್ಚಿತು. ಕೊನೆಗೆ ಬಚ್ಚಲಿನಲ್ಲಿ ತಾಮ್ರದ ಕೊಡಕ್ಕೆ ಬೆರಳು ತಾಕಿದ ಸಣ್ಣ ಸದ್ದು. ಮನೆಯೆಲ್ಲ ಎದ್ದಾಯಿತು. ಇನ್ನು ಸಂಜೆ ಅವಳು ಆ ಕೊಡವನ್ನು ಎಳೆಯಬೇಕಾಗಿಲ್ಲ.

"ಹಾಕು," ಎಂದೆ.

ಆ ಸಂಜೆ ಬಾಡಿಗೆಯ ಕೋಣೆಯಲ್ಲಿ ಒಂದು ಮಣ್ಣಿನ ಹಣತೆಗೆ ಎಣ್ಣೆ ಹಾಕಿದೆ. ಕೋಣೆಗೆ ಹಿತ್ತಿಲ ಬಾಗಿಲಿಲ್ಲ, ಹಿಂದಿನ ಕಿಟಕಿಯನ್ನು ಮುಚ್ಚಿ ಚಿಲಕ ಹಾಕಿದೆ. ಅಂಗೈಯಲ್ಲಿದ್ದ ಲಿಂಗಕ್ಕೆ ಹೇಳಿದೆ: "ನೀನು ದೀಪದಿಂದ ಅವಳನ್ನ ಸುಡಲಿಲ್ಲ. ಅದನ್ನ ನಿನ್ನ ಮೇಲೆ ಹೊರಿಸಿದ್ದೆ, ಹಿಂದಕ್ಕೆ ತಗೊಂಡಿದೀನಿ. ಆದ್ರೆ ಅವಳು ಆ ಕೊಡ ಎಳೀತಿದ್ದಾಗ ನೀನು ಎಲ್ಲಿದ್ದೆ? ಅದನ್ನ ಕೇಳೋದು ಇನ್ನೂ ಬಾಕಿ ಇದೆ." ಹಣತೆ ಹಚ್ಚಿದೆ. ಕೈ ಮುಗಿಯಲಿಲ್ಲ.